ಕಸ ಹೊಡೆಯದೆ ಬಿಟ್ಟ ಮೂಲೆ

ಬೀದರಿನಿಂದ ಭಾಲ್ಕಿಗೆ ಬಸ್ಸಿನಲ್ಲಿ ತಾಸಿನ ದಾರಿ. ಅಷ್ಟರಲ್ಲಿ ಟೈರು ಒಡೆಯುವುದನ್ನೂ, ಡ್ರೈವರ್ ತೂಕಡಿಸುವುದನ್ನೂ, ನಾನೇ ಎದೆ ಹಿಡಿದುಕೊಂಡು ಬೀಳುವುದನ್ನೂ ಕಲ್ಪಿಸಿ ಮುಗಿಸಿರುತ್ತೇನೆ. ಆ ದಿನಗಳಲ್ಲಿ ಅಲ್ಲಿದ್ದ ಅಕ್ಕನನ್ನು ನೋಡಲು ವಾರಕ್ಕೆರಡು ಸಲ ಹೋಗುತ್ತಿದ್ದೆ. ಕ್ಯಾನ್ಸರ್ ಲಿವರಿಗೆ ಇಳಿದಿತ್ತು. ಇನ್ನು ಮನೆಯಲ್ಲೇ ಇರಲಿ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಅಕ್ಕನಿಗೆ ಮಾತ್ರ ಬಾಹ್ಯಾಕಾಶದಲ್ಲಿ ಸಿಕ್ಕಿಬಿದ್ದ ಇಬ್ಬರ ಚಿಂತೆ. ಎಂಟು ದಿನಕ್ಕೆಂದು ಹೋದವರು. ಹೋದ ನೌಕೆ ಕೆಟ್ಟಿತು. ಅದರಲ್ಲಿ ಇಳಿಸುವುದು ಅಪಾಯವೆಂದು ಅವರನ್ನು ಮೇಲೆಯೇ ಬಿಟ್ಟು, ಅದನ್ನು ಖಾಲಿಯಾಗಿ ತರಿಸಿದ್ದರು.

“ಔರಾದ ಬಸ್ಸಿನಂಗ ಆತಲ್ಲೋ ತಮ್ಮಾ! ಮಂದಿ ಸ್ಟ್ಯಾಂಡಿನ್ಯಾಗ, ಗಾಡಿ ಖಾಲಿ. ಎಂಟು ದಿನಕ್ಕಂದ್ರ ಉಡಾಕ ಅರಿವಿ ಎಷ್ಟ ಒಯ್ದಾರು ಪಾಪ?”

ನಮ್ಮ ಮನೆತನದಲ್ಲಿ, ಊರಿಗೆ ಹೋದವರು ಮುಟ್ಟಿದ ಸುದ್ದಿ ಬರುವ ತನಕ ಕಸ ಹೊಡೆಯುವುದಿಲ್ಲ. ಹೊಡೆದರೆ ಹೋದವರು ತಿರುಗಿ ಬರುವುದಿಲ್ಲವೆಂಬ ಅಂಜಿಕೆ. ತಿಂಗಳುಗಟ್ಟಲೆ ಕಸದಲ್ಲಿ ಕೂರಲಾಗದೆ ಅಕ್ಕ ರಾಜಿ ಮಾಡಿಕೊಂಡು, ಪಡಸಾಲೆಯ ಒಂದು ಮೂಲೆಯನ್ನಷ್ಟೇ ಅವರಿಬ್ಬರಿಗೆ ಬಿಟ್ಟಿದ್ದಳು.

“ಮಾಮಾ, ಜೇಡ ಅಲ್ಲಿ ಸಂಸಾರ ಹೂಡ್ಯಾದ್ರಿ. ನೀವರ ಹೇಳ್ರಿ,” ಎಂದು ಅವಳ ಸೊಸೆ ದೂರಿದಳು.

“ಇರ್ಲಿ ಬಿಡು. ಅವರು ಇಳಿಯೋತನ ನಾನೂ ಇರ್ತೇನಿ,” ಎಂದಳು ಅಕ್ಕ.

ಆ ಮಾತಿಗೆ ನಾನು ಜೋತುಬಿದ್ದೆ. ಅವರ ವಾಪಸಾತಿ ಮುಂದೆ ಹೋಯಿತೆಂದು ಲೋಕವೆಲ್ಲ ಮರುಗುವಾಗ ನಾನೊಬ್ಬ ಬೀದರಿನಲ್ಲಿ ಖುಷಿಯಿಂದ ಇನ್ನೊಂದು ಕಪ್ ಚಹಾ ಕುಡಿಯುತ್ತಿದ್ದೆ. ನಾನು ಇಷ್ಟು ನೀಚನೆಂದು ನನಗೇ ಗೊತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನೋವು ಹೆಚ್ಚಿತು. ಒಂದು ಮಧ್ಯಾಹ್ನ ನನ್ನ ಕೈ ಹಿಡಿದು, “ಬಂದ್ರೇನೋ?” ಎಂದಳು. ಆ ಮುಖ ನೋಡಲಾಗಲಿಲ್ಲ.

“ಬಂದ್ರು ಅಕ್ಕಾ. ಬ್ಯಾರೆ ಗಾಡಿ ಕಳಿಸಿ ಕರ್ಕೊಂಡು ಬಂದ್ರು.”

ಚಪ್ಪಲಿ ಕೊಳ್ಳಲೂ ಹತ್ತು ಸಲ ಯೋಚಿಸುವ ನಾನು, ಅದೊಂದು ಸುಳ್ಳಿಗೆ ಒಂದು ಸಲವೂ ಯೋಚಿಸಲಿಲ್ಲ.

“ಇಬ್ರೂ?”

“ಇಬ್ರೂ.”

“ಹಂಗಾದ್ರ ಆ ಮೂಲಿ ಕಸ ಹೊಡಿಸು.”

ಸೊಸೆ ಹೊಡೆದಳು. ಮರುದಿನ ಬೆಳಗ್ಗೆ ಅಕ್ಕ ಹೋದಳು.

ಹೆಣ ಹೊರಬಿದ್ದ ಕೂಡಲೇ ಮನೆ ಗುಡಿಸಬೇಕೆಂಬುದೂ ನಮ್ಮದೇ ಪದ್ಧತಿ. ಓಣಿಯ ಹೆಂಗಸೊಬ್ಬಳು ಕಸಬರಿಗೆ ಎತ್ತಿದ್ದು ಕಂಡಿತು. ಚಟ್ಟಕ್ಕೆ ಹೆಗಲು ಕೊಟ್ಟವನು ಅಲ್ಲಿಂದಲೇ ಕೂಗಿದೆ: “ಇಷ್ಟ್ ಲಗೂ ಯಾಕ್ರೀ? ಆಕಿ ಇನ್ನೂ ಮುಟ್ಟಿಲ್ಲರೀ!”

ಮಾರ್ಚಿನಲ್ಲಿ ಅವರಿಬ್ಬರೂ ನಿಜಕ್ಕೂ ಸಮುದ್ರಕ್ಕಿಳಿದರು. ಟಿವಿಯಲ್ಲಿ ಅವರನ್ನು ಹಿಡಿದು ಹೊರಗೆ ತರುತ್ತಿದ್ದರು. ಕೈ ತಾನಾಗಿಯೇ ಭಾಲ್ಕಿಗೆ ಫೋನ್ ಹಚ್ಚಿತು. ಸೊಸೆ ಎತ್ತಿದಳು.

“ಬಂದ್ರವ್ವಾ,” ಎಂದೆ.

“ಯಾರ್ರೀ ಮಾಮಾ?”

“ಮ್ಯಾಲಿದ್ದ ಇಬ್ರು.”

“ಅವರು ಆವಾಗೇ ಬಂದಿದ್ರಲ್ರೀ? ಅತ್ತಿಯವರಿಗಿ ನೀವೇ ಹೇಳಿದ್ರಿ...” ಅಷ್ಟಕ್ಕೆ ನಿಂತಳು. ಆಮೇಲೆ, “ನಾ ಆ ಮೂಲಿ ಕಸ ಹೊಡದೆನಲ್ರೀ ಮಾಮಾ,” ಎಂದಳು.

“ಹೊಡಿಸಿದಂವ ನಾನವ್ವ,” ಎಂದೆ.