ತೂತು ಬಿದ್ದದ್ದು ಸರ್ಕಾರದ ಗಾಡಿಗೆ

ಯುದ್ಧದ ಕಾಲ. ಕಾಲರಾ ಲಸಿಕೆ ಹೊತ್ತು ಅರಕಲಗೂಡಿಗೆ ಹೊರಟಿದ್ದೆ. ಹೊಳೆನರಸೀಪುರದಲ್ಲೇ ಸರ್ಕಾರಿ ಮೋಟಾರ್ ಸೈಕಲ್ಲಿನ ಸೀಟು ಮುರಿಯಿತು. ಅದೇ ಕಂಪನಿಯ ಗಾಡಿ ತೆಂಗಿನಕಾಯಿ ಮಂಡಿ ಗೌಡರ ಮನೆಯಲ್ಲಿತ್ತು. ಓಡಿಸುತ್ತಿದ್ದ ಮಗ ಸಿಪಾಯಿಯಾಗಿ ಹೋಗಿದ್ದ; ವರ್ಷದಿಂದ ಕಾಗದವಿರಲಿಲ್ಲ. ಗೌಡರು ಸೀಟು ಬಿಚ್ಚಿಕೊಟ್ಟರು. ಆದರೆ ಅದು ಎರಡು ವರ್ಷ ಹಳೆಯ ಮಾದರಿ. ಮುಂದಿನ ಬೋಲ್ಟು ಕೂತಿತು, ಹಿಂದಿನ ಸ್ಪ್ರಿಂಗುಗಳು ಒಂದು ಬೆರಳು ಒಳಗೆ ಬಂದವು. ಕುಲುಮೆಯ ಆಚಾರಿ ಸೀಟಿನ ಪಟ್ಟಿಗೆ ಹೊಸ ತೂತು ಕೊರೆಯಲು ಹೊರಟ.

"ಅದುಕ್ಕೆ ತೂತು ಬ್ಯಾಡ ಕಣಯ್ಯ," ಎಂದರು ಗೌಡರು. "ಅವ್ನು ಬಂದು ಕೂರ್ಬೇಕಲ್ಲ."

ಸರ್ಕಾರದ ಗಾಡಿಗೇ ಕೊರೆಸಿದೆ. ಆಮೇಲೆ ಸೀಟು ಹಿಂದಿರುಗಿಸಲು ಹೋದರೆ, "ಇರ್ಲಿ ಸಾ, ಅವ್ನೇ ಬಂದು ಈಸ್ಕತಾನೆ," ಎಂದರು.

ತೂತಿಗೆ ಕಚೇರಿ ವಿವರಣೆ ಕೇಳಿತು. 'ಸೀಟಿನವರು ಬಂದ ಕೂಡಲೇ ಸರಿಪಡಿಸಲಾಗುವುದು' ಎಂದು ಬರೆದುಕೊಟ್ಟೆ. ಆ ಕಡತ ಇನ್ನೂ ಮುಚ್ಚಿಲ್ಲವೆಂದು ಕೇಳಿದ್ದೇನೆ.