ತೊಳೆದರೆ ಹೋಗುವ ಬಣ್ಣ

ಮಸಿಯ ವಿಷಯದಲ್ಲಿ ನಾನು ಜಗಳಗಂಟಿ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು, ಅಷ್ಟೂ ವರ್ಷ ಬಾಲ್‌ಪೆನ್ ಮುಟ್ಟಿದವಳಲ್ಲ. ಕೆಂಪು ಮಸಿ ಮಕ್ಕಳ ಉತ್ತರಪತ್ರಿಕೆಗೆ, ಕಪ್ಪು ಸರ್ಕಾರಿ ಫಾರಂಗಳಿಗೆ, ನೀಲಿ ಉಳಿದದ್ದಕ್ಕೆಲ್ಲ. ಹಸಿರು ಮಾತ್ರ ಮುಟ್ಟುವಂತಿರಲಿಲ್ಲ, ಅದು ಗೆಜೆಟೆಡ್ ಆಫೀಸರುಗಳ ಸೊತ್ತು. ನಿವೃತ್ತಿಯಾದ ಮರುವಾರವೇ ಒಂದು ಬಾಟಲಿ ಹಸಿರು ಮಸಿ ತಂದು ಹಾಲಿನವನಿಗೆ ಚೀಟಿ ಬರೆದೆ. ಅದನ್ನು ನೋಡಿ ನನ್ನ ಗಂಡ, "ಹಾಲಿಗೂ ಅಟೆಸ್ಟೇಶನ್ನಾ ಮಾರಾಯ್ತಿ?" ಎಂದು ನಕ್ಕಿದ್ದರು.

ಅವರು ಬಾಳೂರಿನ ಹತ್ತಿರ ನಮ್ಮ ಪುಟ್ಟ ಕಾಫಿ ತೋಟ ನೋಡಿಕೊಂಡಿದ್ದವರು. ಮಾತು ಕಡಿಮೆ. ಬರೆಯುವುದಂತೂ ದಿನಕ್ಕೆ ಒಂದೇ ಸಾಲು, ಅದೂ ಮಳೆ ಪುಸ್ತಕದಲ್ಲಿ. ನಮ್ಮ ಕಡೆ ತೋಟ ಇದ್ದವರ ಮನೆಯಲ್ಲೆಲ್ಲ ಒಂದು ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಎಂಟು ಗಂಟೆಗೆ ಅಂಗಳದ ರೇನ್‌ಗೇಜಿನ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಎಂದು ನೋಡಿ ತಾರೀಖಿನ ಮುಂದೆ ಬರೆಯುವುದು. ಪಕ್ಕದಲ್ಲಿ ಆ ದಿನದ ವಿಶೇಷ ಬರೆಯಲು ಷರಾ ಎಂದು ಒಂದು ಅಂಕಣ. ಆ ಪುಸ್ತಕ ಜಗುಲಿಯ ಮೇಜಿನ ಮೇಲೇ ಬಿದ್ದಿರುತ್ತದೆ. ಬಂದವರು ಕಾಫಿ ಕುಡಿಯುತ್ತಾ ಹಕ್ಕಿನಿಂದ ತೆಗೆದು ಓದುತ್ತಾರೆ. "ನಿಮ್ಮಲ್ಲಿ ಎಷ್ಟು ಬಿತ್ತು?" ಎಂದು ಕೇಳಿದ ಮೇಲೆಯೇ "ಚೆನ್ನಾಗಿದ್ದೀರಾ?" ಎನ್ನುವ ಜನ ನಾವು.

ಅವರ ಪೆನ್ನು ನಾನು ಕೊಟ್ಟದ್ದು. ಮದುವೆಯಾದ ಹೊಸತರಲ್ಲಿ ಬಾಲ್‌ಪೆನ್ನಿನಲ್ಲಿ ಹಾಳೆ ಹರಿಯುವ ಹಾಗೆ ಒತ್ತಿ ಬರೆಯುತ್ತಿದ್ದರು. "ಅದೇನು ಗುಂಡಿ ತೋಡ್ತಿದ್ದೀರಾ?" ಎಂದು ರೇಗಿ, ಕೈಗೆ ಇಂಕ್ ಪೆನ್ ಹಿಡಿಸಿದೆ. ಒತ್ತಬೇಡಿ, ನಿಬ್ಬು ಹಾಳಾಗುತ್ತದೆ, ಸುಮ್ಮನೆ ಹಾಳೆಯ ಮೇಲೆ ನಡೆಸಿದರೆ ಸಾಕು ಎಂದು ಒಂದನೇ ಕ್ಲಾಸಿನ ಮಗುವಿಗೆ ಕಲಿಸಿದ ಹಾಗೆ ಕಲಿಸಿದೆ. ಪಾಪ, ಕಲಿತರು. ಆದರೆ ಮಸಿ ಮಾತ್ರ ಯಾವಾಗಲೂ ಒಂದೇ, ಬ್ಲೂಬ್ಲ್ಯಾಕ್. ನನಗೆ ಆ ನೀಲಿಗಪ್ಪು ಕಂಡರಾಗದು, ಪೊಲೀಸ್ ಸ್ಟೇಷನ್ನಿನ ಬಣ್ಣ ಅದು. ಸಾಲದ್ದಕ್ಕೆ ಅವರ ಪೆನ್ನು ಸೋರುತ್ತಿತ್ತು. ತೋಟದಿಂದ ಬಂದ ಅಂಗಿಗಳ ಜೇಬಿನ ಬುಡದಲ್ಲೆಲ್ಲ ಕಲೆ. ಉಜ್ಜಿ ಉಜ್ಜಿ ನನ್ನ ಬೆರಳು ಸವೆಯಬೇಕೇ ಹೊರತು ಕಲೆ ಹೋಗುತ್ತಿರಲಿಲ್ಲ.

ಹೋದ ವರ್ಷ ಸಂಕ್ರಾಂತಿ ಕಳೆದು ಇಬ್ಬರೂ ಚಿಕ್ಕಮಗಳೂರಿಗೆ ಹೋಗಿದ್ದೆವು. ಅವರ ಬಾಟಲಿ ಖಾಲಿಯಾಗಿತ್ತು. ನಾನು ಮಸಿ ಕೊಳ್ಳುವುದು ಸೀರೆ ಕೊಂಡ ಹಾಗೆ, ಇದ್ದಬದ್ದ ಬಾಟಲಿಯೆಲ್ಲ ತೆಗೆಸಿ, ಬೆಂಕಿಕಡ್ಡಿ ಅದ್ದಿ, ರದ್ದಿ ಕಾಗದದ ಮೇಲೆ ಗೆರೆ ಎಳೆದು, ಬಾಗಿಲಿಗೆ ಬಂದು ಬಿಸಿಲಲ್ಲಿ ನೋಡಬೇಕು. ಅಂದು ಒಂದು ಬಣ್ಣ ಸಿಕ್ಕಿತು. ನವಿಲಿನ ಕತ್ತಿನ ನೀಲಿ. ಒದ್ದೆ ಇದ್ದಾಗ ಹಸಿರು ಹೊಳೆದು, ಆರುತ್ತಾ ಬಂದಂತೆ ನೀಲಿಯಾಗುತ್ತಿತ್ತು. ಅಲ್ಲೇ ಮನಸೋತೆ. ಅಂಗಡಿಯವರು, "ಮೇಡಂ, ಇದು ಬಟ್ಟೆ ಮೇಲೆ ಚೆಲ್ಲಿದ್ರೂ ಚಿಂತೆ ಇಲ್ಲ. ನೀರಲ್ಲಿ ಅದ್ದಿದ್ರೆ ಪೂರ್ತಿ ಹೋಗುತ್ತೆ" ಎಂದರು. ಅಂಗಿಗಳ ನೆನಪಾಗಿ ನಾನು ಎರಡು ಬಾಟಲಿ ಕಟ್ಟಿ ಎಂದೆ.

ಇವರು ಹಿಂದಿನಿಂದ ಬಗ್ಗಿ ನೋಡಿ, ಮೆಲ್ಲಗೆ, "ನಂಗೆ ಬ್ಲೂಬ್ಲ್ಯಾಕೇ ಸಾಕಿತ್ತು ಕಣೆ. ತೊಳೆದ್ರೆ ಹೋಗೋ ಬಣ್ಣದಲ್ಲಿ ಮಳೆ ಬರೆಯೋದಾ ಮಾರಾಯ್ತಿ?" ಎಂದರು.

"ಪುಸ್ತಕ ಎಂತ ನೀರಲ್ಲಿ ನೆನೆಹಾಕ್ತೀರಾ?" ಎಂದೆ ನಾನು, ಅಂಗಡಿಯವರ ಎದುರೇ.

ಅವರು ಹುಬ್ಬು ಹಾರಿಸಿದರು. ಬರುವಾಗ ಜೀಪಿನಲ್ಲಿ ಇನ್ನೊಂದು ಸಲ ಮಾತೆತ್ತಿದರು. ನಾನು ಮುಖ ಆಚೆ ತಿರುಗಿಸಿದೆ. ಅಲ್ಲಿಗೆ ಮುಗಿಯಿತು. ನಮ್ಮ ಮನೆಯಲ್ಲಿ ಜಗಳ ಮುಗಿಯುತ್ತಿದ್ದುದೇ ಹೀಗೆ, ನಾನು ಮುಖ ತಿರುಗಿಸುವುದು, ಅವರು ಸೋಲುವುದು.

ಮಾರ್ಚಿಯಲ್ಲಿ ಹೂಮಳೆ ಬಂತು. ಕಾಫಿ ಹೂ ಬಿಡಿಸುವ ಆ ಒಂದು ಮಳೆ ಸರಿಯಾಗಿ ಬಂದರೆ ವರ್ಷವೇ ಬಂದ ಹಾಗೆ. ನಾನು ಅಂದು ಅತ್ತಿಗುಂಡಿಯಲ್ಲಿ ನನ್ನ ತಂಗಿಯ ಮನೆಯಲ್ಲಿದ್ದೆ. ಇವರು ಫೋನ್ ಮಾಡಿ, "ಒಂದು ಇಂಚು ನಲವತ್ತು ಸೆಂಟ್!" ಎಂದು ಕೂಗಿದರು. ಅವರು ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ. "ಆಯ್ತು, ಒದ್ದೆ ಅಂಗಿ ಬಿಚ್ಚಿ ಮೊದಲು" ಎಂದು ಇಟ್ಟೆ. ಇಟ್ಟುಬಿಟ್ಟೆನಲ್ಲ, ಎಂಥ ಹೆಂಗಸು ನಾನು!

ಜೂನ್ ಕೊನೆಗೆ ತೋಟದಿಂದ ಮೇಲೆ ಹತ್ತಿ ಬರುವಾಗ ಎದೆ ಹಿಡಿದುಕೊಂಡು ಕೂತರು. ಜೀಪಿನಲ್ಲಿ ಚಿಕ್ಕಮಗಳೂರಿನ ಆಸ್ಪತ್ರೆಗೆ ಒಯ್ದೆವು. ಮರುದಿನ ಬೆಳಿಗ್ಗೆ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಂಡರು. ಎಂಟು ಗಂಟೆಯಾಗುತ್ತಲೇ, "ತೋಟದ ಮೇಸ್ತ್ರಿಗೆ ಫೋನ್ ಮಾಡಿ ಎಷ್ಟು ಬಿತ್ತು ಕೇಳು" ಎಂದರು. ಕೇಳಿ ಹೇಳಿದೆ. ಮದ್ದಿನ ಚೀಟಿಯ ಹಿಂದೆ ಬರೆದಿಡು, ಮನೆಗೆ ಹೋಗಿ ಪುಸ್ತಕಕ್ಕೆ ಏರಿಸಬೇಕು ಎಂದರು. ಆಮೇಲೆ ಚಾವಣಿ ನೋಡುತ್ತಾ, "ಈ ಸಲ ಹೂಮಳೆ ದಿನದ ಷರಾ ಓದು. ನಿನ್ನ ಬಗ್ಗೆ ಬರೆದಿದೀನಿ" ಎಂದರು.

"ನನ್ನ ಬಗ್ಗೆ ಎಂತ? ಬಯ್ದಿದ್ದೀರಾ?"

"ಬಯ್ಯಲಿಲ್ಲ."

"ಮತ್ತೆಂತ? ಈಗಲೇ ಹೇಳಿ."

"ಬಾಯಲ್ಲಿ ಹೇಳೋಕೆ ಬರಲ್ಲ ಕಣೆ ನಂಗೆ, ನಾಚಿಕೆ ಆಗುತ್ತೆ. ನೀನೇ ಓದು" ಎಂದು ನರ್ಸಿನ ಕಡೆ ನೋಡಿ ನಕ್ಕರು.

ಅರವತ್ತಾರು ವರ್ಷದ ಗಂಡಸು ಕೆಂಪಾಗಿದ್ದರು. ಮದುವೆಯಾಗಿ ಮೂವತ್ತನಾಲ್ಕು ವರ್ಷ, ಮಕ್ಕಳಿಲ್ಲ, ನನ್ನನ್ನು ಮೆಚ್ಚಿ ಒಂದು ಮಾತು ಅವರ ಬಾಯಿಂದ ಬಂದದ್ದಿಲ್ಲ. ಬೈದದ್ದೂ ಇಲ್ಲ. ಅವರ ಮನಸ್ಸಿನಲ್ಲಿ ನಾನು ಎಲ್ಲಿದ್ದೇನೆ ಎಂದು ತಿಳಿಯದೆಯೇ ಮುದುಕಿಯಾದವಳು ನಾನು. ಮನೆಗೆ ಹೋದ ಕೂಡಲೇ ಓದುತ್ತೇನೆ ಎಂದೆ. ಅಂದು ಸಂಜೆ ಅವರು ಹೋದರು.

ಹೆಣ ಅಂಗಳದಲ್ಲಿದ್ದಾಗಲೂ ಬಂದವರು ಒಬ್ಬರನ್ನೊಬ್ಬರು ಎಷ್ಟು ಸೆಂಟ್ ಎಂದು ಕೇಳುತ್ತಿದ್ದರು. ಇವರು ಎದ್ದು ಕೂರುವಂತಿದ್ದರೆ ತಾವೇ ಮೊದಲು ಕೇಳುತ್ತಿದ್ದರು, ನನಗೆ ಅದರಿಂದ ಬೇಸರವಾಗಲಿಲ್ಲ. ಆದರೆ ಮೂರನೇ ದಿನ ಜಗುಲಿಗೆ ಬಂದರೆ, ಪಕ್ಕದ ಎಸ್ಟೇಟಿನ ಯಜಮಾನರು ಮೇಜಿನ ಮುಂದೆ ಕೂತು ಮಳೆ ಪುಸ್ತಕ ಬಿಡಿಸಿದ್ದರು. ಜೂನ್ ಪುಟ ನೋಡಿ ಮುಗಿಸಿ, ಹಿಂದಕ್ಕೆ ತಿರುವಲು ಬೆರಳಿಗೆ ಎಂಜಲು ಹಚ್ಚುತ್ತಿದ್ದರು. ನಾನು ಓಡಿಹೋಗಿ ಕಿತ್ತುಕೊಂಡೆ. ಪಾಪ, ಅವರು ಕಕ್ಕಾಬಿಕ್ಕಿಯಾದರು. ನನಗೆ ಅವರ ಪರಿವೆಯೇ ಇರಲಿಲ್ಲ. ಜನ್ಮದಲ್ಲಿ ಒಂದೇ ಸಲ ನನಗಾಗಿ ಬರೆದದ್ದನ್ನು ಊರಿನವರು ಕಾಫಿ ಹೀರುತ್ತಾ ಓದುವುದೇ?

ನಾನೂ ಆಗ ಓದಲಿಲ್ಲ. ಮನೆ ತುಂಬ ನೆಂಟರು, ಒಂದು ಕೋಣೆಯ ಬಾಗಿಲು ಹಾಕಿಕೊಳ್ಳುವಂತಿಲ್ಲ, ಹಾಕಿದರೆ ತಟ್ಟುತ್ತಾರೆ. ಅಕ್ಕಿ ಎಲ್ಲಿದೆ, ಬೆಲ್ಲ ಎಲ್ಲಿದೆ ಎಂದು ಕೇಳುವವರ ನಡುವೆ ನಿಂತು ಆ ಮಾತನ್ನು ಓದಲು ಮನಸ್ಸು ಒಪ್ಪಲಿಲ್ಲ. ಹನ್ನೊಂದನೇ ದಿನದ ಕಾರ್ಯ ಕಳೆಯಲಿ, ಎಲ್ಲರೂ ಹೋಗಲಿ, ಒಬ್ಬಳೇ ಕೂತು ಓದುತ್ತೇನೆ ಎಂದುಕೊಂಡೆ. ಮರದ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಹೊದಿಕೆಗಳಿದ್ದವು. ಅವುಗಳ ನಡುವೆ, ನಮ್ಮಿಬ್ಬರ ಹಳೆಯ ದುಪ್ಪಟಿಯ ಮಡಿಕೆಯೊಳಗೆ ಪುಸ್ತಕ ತೂರಿಸಿಟ್ಟೆ.

ಹತ್ತನೇ ದಿನ ಸೂತಕ ತೊಳೆಯುವುದು. ಮನೆಯಲ್ಲಿರುವ ಹಾಸಿಗೆ ಹೊದಿಕೆಯೆಲ್ಲ, ಹೊದ್ದದ್ದೂ ಹೊದೆಯದ್ದೂ, ನೀರು ಕಾಣಲೇಬೇಕು. ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅತ್ತೆ ಮಾವ ಹೋದಾಗ ನಾನೇ ಸೆರಗು ಕಟ್ಟಿ ತೊಳೆದಿದ್ದೆ. ಆದರೆ ಆ ಬೆಳಿಗ್ಗೆ ನನ್ನನ್ನು ಒಳಗೆ ಕೂರಿಸಿ ತಲೆಗೆ ನೀರು ಹಾಕುತ್ತಿದ್ದರು, ನನಗೆ ಯಾವುದರ ನೆನಪೂ ಇರಲಿಲ್ಲ. ಹಿತ್ತಿಲಲ್ಲಿ ಇವರ ಅಕ್ಕ ನಾಲ್ಕು ಹೆಂಗಸರನ್ನು ಕಟ್ಟಿಕೊಂಡು ಪೆಟ್ಟಿಗೆಯ ಹೊದಿಕೆಗಳನ್ನೆಲ್ಲ ಮಡಿಚಿದ ಹಾಗೇ ಸಿಮೆಂಟಿನ ತೊಟ್ಟಿಗೆ ಹಾಕಿ, ನೆನೆಯಲೆಂದು ಮೇಲೆ ಕಲ್ಲು ಹೇರಿದ್ದರು.

ಒದ್ದೆ ಕೂದಲಲ್ಲಿ ನಾನು ಅಡುಗೆಮನೆಗೆ ಬಂದಾಗ ಹಿತ್ತಿಲಿಂದ ಆ ಅಕ್ಕನ ದನಿ ಕೇಳಿಸಿತು: "ಅಯ್ಯೋ, ಇದ್ಯಾವುದೇ ಬಣ್ಣ ಬಿಡೋ ಬಟ್ಟೆ? ತೊಟ್ಟಿ ನೀರೆಲ್ಲ ನೀಲಿ ಆಯ್ತಲ್ಲ!"

ಹೊರಗೆ ಬಂದು ನೋಡಿದೆ. ತೊಟ್ಟಿಯಲ್ಲಿ ನವಿಲಿನ ಕತ್ತಿನ ನೀಲಿ. ಅಂಗಡಿಯ ಬಾಗಿಲಲ್ಲಿ ನಿಂತು ಬಿಸಿಲಿಗೆ ಹಿಡಿದು ನೋಡಿ ನಾನೇ ಆರಿಸಿದ್ದ ಬಣ್ಣ.

ತೋಳಿನವರೆಗೆ ಕೈ ಹಾಕಿ ಪುಸ್ತಕ ಎಳೆದೆ. "ಯಾರು ಮುಟ್ಟೋಕೆ ಹೇಳಿದ್ರು ನಿಮಗೆ?" ಎಂದು ಹಿರಿಯರೆನ್ನದೆ ಚೀರಿದೆ. ಇವರ ಅಕ್ಕ, "ನಂಗೆಂತ ಗೊತ್ತು ಮಾರಾಯ್ತಿ, ಹೊದಿಕೆ ಒಳಗೆ ಪುಸ್ತಕ ಇಡ್ತಾರಾ ಯಾರಾದ್ರೂ?" ಎಂದು ಅತ್ತರು. ಸರಿಯಾದ ಮಾತು. ಇಟ್ಟವಳು ನಾನು, ಮಸಿ ಆರಿಸಿದವಳು ನಾನು. ಆಮೇಲೆ ಅವರ ಕಾಲು ಹಿಡಿದೆ. ಇಬ್ಬರೂ ತೊಟ್ಟಿಯ ಕಟ್ಟೆಗೆ ಒರಗಿ ಕೂತು ಅತ್ತೆವು.

ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಒಲೆಯ ಶಾಖದಲ್ಲಿ ಒಣಗಿಸಿದೆ. ಅಚ್ಚಾದ ತಾರೀಖುಗಳು, ಗೆರೆಗಳು ಹಾಗೇ ಇದ್ದವು. ಸಂಕ್ರಾಂತಿಗೆ ಮುಂಚಿನ ಬ್ಲೂಬ್ಲ್ಯಾಕ್ ಸಾಲುಗಳು ಬಿಟ್ಟರೆ ಬರೆದದ್ದೆಲ್ಲ ಹೋಗಿ ತಿಳಿ ನೀಲಿ ಕಲೆ. ಹೂಮಳೆಯ ತಾರೀಖು ನನಗೆ ಬಾಯಿಪಾಠ. ಅದರ ಷರಾ ಜಾಗದಲ್ಲಿ ಕಲೆ ಬೇರೆ ಸಾಲುಗಳಿಗಿಂತ ದಟ್ಟವಾಗಿತ್ತು, ಕೆಳಗಿನ ನಾಲ್ಕು ಸಾಲಿಗೂ ಇಳಿದಿತ್ತು. ತುಂಬ ಬರೆದಿದ್ದರು ಎನ್ನುವುದಷ್ಟೇ ಗೊತ್ತಾಗುತ್ತದೆ.

ಮೂಡಿಗೆರೆಯ ಸ್ಟುಡಿಯೋ ಒಂದಕ್ಕೆ ಒಯ್ದೆ. ಅಲ್ಲಿಯವರು ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಬಣ್ಣ ಏರಿಸಿ ಇಳಿಸಿ ಒಂದು ಗಂಟೆ ಕಷ್ಟಪಟ್ಟರು. ಕೊನೆಗೆ ಹಾಳೆಯನ್ನು ಓರೆಯಾಗಿ ಬೆಳಕಿಗೆ ಹಿಡಿದು, "ಒತ್ತಿ ಬರೆದಿದ್ರೆ ಗೀರಾದ್ರೂ ಉಳೀತಿತ್ತು ಮೇಡಂ. ಇವರು ಒತ್ತೇ ಇಲ್ಲ, ತುಂಬಾ ಹಗುರ ಕೈ" ಎಂದರು. ಹಗುರ ಕೈ ಯಾರು ಕಲಿಸಿದ್ದು ಎಂದು ಅವರಿಗೆ ಹೇಳಲಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು, ಜನ ನೋಡುತ್ತಿದ್ದರೂ ಲೆಕ್ಕಿಸದೆ ಅತ್ತೆ.

ಪಕ್ಕದ ಎಸ್ಟೇಟಿನ ಯಜಮಾನರನ್ನೂ ನಾಚಿಕೆ ಬಿಟ್ಟು ಕೇಳಿದೆ. "ಮಾರ್ಚಿ ಪುಟ ಓದಿದ್ರಾ ನೀವು?"

"ಇಲ್ಲಮ್ಮ, ನೀವು ಕಿತ್ಕೊಂಡ್ರಲ್ಲ" ಎಂದರು.

ಅಯ್ಯೋ, ಓದಲು ಬಿಟ್ಟಿದ್ದರೆ! ಊರಿಗೆಲ್ಲ ಹೇಳಿ ನಗಲಿ, ಚಿಂತೆಯಿರಲಿಲ್ಲ. ಜಗತ್ತಿನಲ್ಲಿ ಒಬ್ಬರಿಗಾದರೂ ಗೊತ್ತಿರುತ್ತಿತ್ತು.

ಹಳೆಯ ವರ್ಷಗಳ ಪುಸ್ತಕಗಳನ್ನೆಲ್ಲ ಅಟ್ಟದಿಂದ ಇಳಿಸಿ, ನನ್ನನ್ನು ಹುಡುಕುತ್ತಾ ಓದಿದೆ. ಬ್ಲೂಬ್ಲ್ಯಾಕ್ ಒಂದಕ್ಷರ ಮಾಸಿಲ್ಲ. ಗೊಬ್ಬರ ಹಾಕಿದ್ದು, ನೆರಳಿನ ಮರಗಳ ಕೊಂಬೆ ಕಡಿಸಿ ಮರಗಸಿ ಮಾಡಿದ್ದು, ಜೀಪು ಕೆಟ್ಟದ್ದು. ನಾನು ಎರಡೇ ಕಡೆ ಇದ್ದೆ. 'ಇವಳಿಗೆ ಜ್ವರ.' ನಾಲ್ಕು ದಿನ ಬಿಟ್ಟು, 'ಜ್ವರ ಇಳಿಯಿತು.' ಅಷ್ಟೇ.

ಒದ್ದೆಯಾದ ಪುಸ್ತಕದಲ್ಲೂ ಸಂಕ್ರಾಂತಿ ಕಳೆದ ಮೇಲಿನದೊಂದು ಸಾಲು ಉಳಿದಿತ್ತು. ಮೇ ತಿಂಗಳಲ್ಲಿ ಒಂದು ದಿನ ಪೆನ್ನಿನಲ್ಲಿ ಮಸಿ ಮುಗಿದು ಬಾಲ್‌ಪೆನ್ ಹಿಡಿದಿದ್ದರು, ಕದ್ದು. ಮಳೆ ಮೂವತ್ತು ಸೆಂಟ್. ಷರಾ: 'ಪೆನ್ನಲ್ಲಿ ಇಂಕು ಇಲ್ಲ. ಬಾಲ್‌ಪೆನ್. ನೋಡಿದರೆ ಬಯ್ತಾಳೆ.' ಬೆರಳಿಗೆ ಸಿಗುವ ಹಾಗೆ ಒತ್ತಿ ಬರೆದಿದ್ದರು. ನಾನು ಅದನ್ನು ಓದಿ ನಕ್ಕೆ, ಆಮೇಲೆ ಆ ಹಾಳೆಗೆ ಕೆನ್ನೆ ಇಟ್ಟು ಕೂತೆ.

ಈಗ ಮಳೆ ಪುಸ್ತಕ ನಾನೇ ಬರೆಯುತ್ತೇನೆ. ನೀಲಿಯ ಎರಡನೇ ಬಾಟಲಿಯ ಸೀಲು ಕೂಡ ಒಡೆದಿಲ್ಲ, ಎಸೆಯಲು ಕೈ ಬರುವುದಿಲ್ಲ. ಅವರ ಪೆನ್ನು ತೊಳೆದು ಬ್ಲೂಬ್ಲ್ಯಾಕ್ ತುಂಬಿದೆ. ಅಂಗಡಿಯವರು ಹೊಸ ಬಣ್ಣಗಳನ್ನು ಮುಂದೆ ಇಟ್ಟರು, ನಾನು ಅದ್ದಿ ನೋಡಲು ಬೆಂಕಿಕಡ್ಡಿ ಕೇಳಲಿಲ್ಲ.

ಈ ಮಾರ್ಚಿಯಲ್ಲಿ ಹೂಮಳೆ ಬಂದ ಮರು ಬೆಳಿಗ್ಗೆ ಎಂಟಕ್ಕೆ ಅಳೆದೆ. ಒಂದು ಇಂಚು ಹತ್ತು ಸೆಂಟ್. ಬರೆದೆ. ಷರಾದ ಮುಂದೆ ಪೆನ್ನು ಹಿಡಿದು ಎಷ್ಟೋ ಹೊತ್ತು ಕೂತಿದ್ದೆ. ಆಮೇಲೆ, 'ಏನು ಬರೆದಿದ್ದಿರಿ?' ಎಂದು ಬರೆದೆ.

ಮಸಿ ಆರಿತು. ಬೆರಳು ನೀರಿನಲ್ಲಿ ಅದ್ದಿ ಅದರ ಮೇಲೆ ಉಜ್ಜಿ ನೋಡಿದೆ. ಒಂದು ಅಕ್ಷರವೂ ಕದಲಲಿಲ್ಲ.