ಜೋಡಿಯಲ್ಲಿ ಒಬ್ಬಳು

ಅಕ್ಕನಿಗೆ ಜ್ವರ ಬಂದರೆ ಕಷಾಯ ನನಗೂ ಬೀಳುತ್ತಿತ್ತು. ನಾವು ಅವಳಿ ಮಕ್ಕಳು. ಒಬ್ಬಳಿಗೆ ಬಂದ ಕಾಯಿಲೆ ಇನ್ನೊಬ್ಬಳನ್ನು ಬಿಡುವುದಿಲ್ಲ ಎಂದು ಅಜ್ಜಿಯ ನಂಬಿಕೆ. ನಾನು ಗುಂಡುಕಲ್ಲಿನ ಹಾಗಿದ್ದರೂ ಮೂಗು ಹಿಡಿದು ಬಾಯಿಗೆ ಸುರಿಯುತ್ತಿದ್ದಳು. "ನಂಗೇನೂ ಆಗಿಲ್ಲ ಕಣಜ್ಜಿ" ಎಂದರೆ, "ಆಯ್ತದೆ, ಬಾಯ್ ಮುಚ್ಕೊಂಡು ಕುಡಿ" ಎನ್ನುವಳು. ಬಾಯಿ ಮುಚ್ಚಿಕೊಂಡು ಕುಡಿಯುವುದು ಹೇಗೋ, ಅವಳಿಗೇ ಗೊತ್ತು.

ನಮ್ಮೂರು ಮಧುಗಿರಿ ತಾಲ್ಲೂಕಿನಲ್ಲಿ, ಬಡವನಹಳ್ಳಿಗೆ ಹತ್ತಿರ. ಐವತ್ತರ ದಶಕದಲ್ಲಿ ಅಲ್ಲಿ ನಮ್ಮನ್ನು ಹೆಸರು ಹಿಡಿದು ಕರೆದವರೇ ಕಡಿಮೆ. "ಲೇ ಜೋಡಿ, ಬರ್ರೇ ಇಲ್ಲಿ" ಎಂದರೆ ಇಬ್ಬರೂ ಹೋಗಬೇಕು. ಒಬ್ಬಳೇ ಹೋದರೆ "ಇನ್ನೊಂದೆಲ್ಲಿ?" ಎನ್ನುವರು. ಇನ್ನೊಂದಂತೆ! ನಾವೇನು ಎತ್ತುಗಳೇ? ಸಿರಾದ ಬಟ್ಟೆ ಅಂಗಡಿಯ ಸಾಹೇಬರು ಅಪ್ಪನ ಮುಖ ಕಂಡ ಕೂಡಲೇ ಒಂದೇ ಬಟ್ಟೆಯಲ್ಲಿ ಎರಡು ಲಂಗಕ್ಕಾಗುವಷ್ಟು ಅಳೆದುಬಿಡುತ್ತಿದ್ದರು. ನನಗೆ ಹಳದಿ ಇಷ್ಟ. ಅಕ್ಕ ಹಸಿರು ಅಂದಳೋ, ಮುಗಿಯಿತು. ಇಬ್ಬರ ಪರವಾಗಿ ಬಾಯಿ ಬಿಡುವವಳು ಅವಳೇ. ಅವಳಿಗೆ ಈ ಜೋಡಿತನ ಚೆನ್ನಾಗಿ ಒಗ್ಗಿದೆ ಎಂದುಕೊಂಡು ನಾನು ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ನಾವು ಮದುವೆಗೆ ಬಂದಾಗ ಪಾವಗಡದ ಕಡೆಯಿಂದ ಸಂಬಂಧ ಬಂತು. ಆ ಮನೆಯಲ್ಲಿ ಇಬ್ಬರು ಗಂಡುಮಕ್ಕಳು, ಅಣ್ಣತಮ್ಮಂದಿರು. ಅವಳಿ ಹೆಣ್ಣುಮಕ್ಕಳನ್ನು ಒಂದೇ ಚಪ್ಪರದಲ್ಲಿ ಒಂದೇ ಮನೆಗೆ ಕೊಡಬೇಕು, ಅಗಲಿಸಿದರೆ ಒಬ್ಬಳು ಬಾಳುವುದಿಲ್ಲ ಎನ್ನುತ್ತಿದ್ದರು ನಮ್ಮ ಕಡೆ. ಅಪ್ಪನಿಗೆ ಖುಷಿಯೋ ಖುಷಿ. ಅಕ್ಕನಿಗೂ ದೊಡ್ಡ ಹುಡುಗ ಹಿಡಿಸಿದ್ದ. ಅವಳು ಕದ್ದು ನೋಡಿದ್ದನ್ನು ನಾನು ಕಂಡಿದ್ದೆ. ಚಿಕ್ಕವನ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆದರೆ ಆ ಮನೆಯಲ್ಲೂ ಸಾಯುವ ತನಕ ಜೋಡಿಯಾಗಿಯೇ ಇರಬೇಕಲ್ಲ ಎಂದು ನೆನೆದು ಮೈಯೆಲ್ಲ ಉರಿಯಿತು.

"ಏಮಮ್ಮಾ, ಒಪ್ಪಿಗೇನಾ?" ಎಂದು ಹುಡುಗರ ತಾಯಿ ತೆಲುಗು ಬೆರೆಸಿ ಕೇಳಿದರು. ಅಕ್ಕ ತಲೆಯಾಡಿಸಿದಳು. ಅದೇ ಇಬ್ಬರ ಉತ್ತರವೆಂದು ಅಪ್ಪ ಎಲೆಯಡಿಕೆ ತಟ್ಟೆಗೆ ಕೈ ಹಾಕಿದ.

"ನಂಗೆ ಬ್ಯಾಡ" ಎಂದೆ. "ಅಕ್ಕನ್ನ ಕೊಡ್ರಿ, ಅವ್ಳಿಗಿಷ್ಟ. ನನ್ನ ಬುಟ್ಬುಡಿ."

ಆ ತಾಯಿ ಎದ್ದೇಬಿಟ್ಟರು. "ಕೊಟ್ರೆ ಇಬ್ಬರ್ನೂ ಕೊಡಿ. ಒಬ್ಬಳ್ನೇ ಕರ್ಕೊಂಡೋಗಿ ನಾಳೆ ಏನಾನ ಆದ್ರೆ ಯಾರು ಜವಾಬು? ವದ್ದಮ್ಮಾ, ವದ್ದು, ಬ್ಯಾಡವೇ ಬ್ಯಾಡ" ಎಂದು ಬಂದ ಗಾಡಿಯಲ್ಲೇ ಹೊರಟುಹೋದರು.

ಅಪ್ಪ ಬೈದ, ಅವ್ವ ಗೋಳಾಡಿದಳು. ಅದನ್ನೆಲ್ಲ ತಡೆದುಕೊಂಡೆ. ಅಕ್ಕ ಮಾತು ಬಿಟ್ಟಳು, ಅದನ್ನು ಮಾತ್ರ ತಡೆಯಲಾಗಲಿಲ್ಲ. ಒಂದೇ ಒಲೆಯ ಮುಂದೆ ಅವಳು ರೊಟ್ಟಿ ತಟ್ಟುವಳು, ನಾನು ಬೇಯಿಸುವೆ. ಕೈಗೆ ಕೈ ತಾಕಿದರೆ ಎಳೆದುಕೊಳ್ಳುವಳು. ನಾನು ಆಡಿದ್ದು ಸರಿ ಎಂದೇ ಈಗಲೂ ಹೇಳುತ್ತೇನೆ. ಆದರೂ ನನ್ನಿಂದ ಅವಳ ಮದುವೆ ನಿಂತಿತಲ್ಲ ಎಂಬ ಸಂಕಟ ಬಿಡಲಿಲ್ಲ. ಇನ್ನೊಮ್ಮೆ ಅಣ್ಣತಮ್ಮಂದಿರು ಬಂದರೆ ಸುಮ್ಮನೆ ಒಪ್ಪಿಕೊಂಡುಬಿಡೋಣ ಎನ್ನುವಷ್ಟಕ್ಕೆ ಬಂದಿದ್ದೆ.

ಮರುವರ್ಷ ಕೊರಟಗೆರೆಯಿಂದ ಒಂದು ಗಂಡು ನೋಡಲು ಬರುವುದಾಯಿತು. ಒಬ್ಬನೇ ಮಗ. ಅಣ್ಣತಮ್ಮಂದಿರಿರುವ ಸಂಬಂಧ ಮತ್ತೆ ಒದಗಿರಲಿಲ್ಲ. ಈಗೇನು ಮಾಡುವುದು? ಅವ್ವ ಒಂದೇ ಬಣ್ಣದ ಎರಡು ಸೀರೆ ತೆಗೆದಿಟ್ಟು, "ಇಬ್ರೂ ಉಟ್ಕಳ್ರೇ. ಯಾರಾದ್ರೂ ಆಗ್ಲಿ, ಅವ್ರೇ ಆರಿಸ್ಕಳ್ಲಿ" ಎಂದಳು. ನಾನು ಮರುಮಾತಾಡದೆ ಸೀರೆಗೆ ಕೈ ಚಾಚಿದೆ.

ಅಷ್ಟು ತಿಂಗಳು ಮಾತು ಬಿಟ್ಟಿದ್ದ ಅಕ್ಕ ನನ್ನ ಕೈ ಹಿಡಿದಳು. "ನೀನು ಪಕ್ಕದ್ಮನೆಗೆ ಹೋಗು. ಅವ್ರು ಹೋಗೋಗಂಟ ಬರಬ್ಯಾಡ."

ಮತ್ತೆ ಕೆಡಿಸುತ್ತೇನೆಂಬ ಭಯ ಇವಳಿಗೆ ಎಂದುಕೊಂಡೆ. "ಈ ಸಲ ಬಾಯೇ ಬಿಡಾಕಿಲ್ಲ ಕಣೇ, ನಿನ್ನಾಣೆ."

"ಅದುಕ್ಕಲ್ಲ. ಹುಟ್ಟಿದಾಗಿಂದ ನಿನ್ನ ಪಕ್ಕ ಕೂತು ಕೂತು ಸಾಕಾಗೈತೆ ನಂಗೆ. ಒಂದ್ಸಲನಾದ್ರೂ ನನ್ನೊಬ್ಳನ್ನೇ ನೋಡ್ಲಿ ಬುಡು."

ಸೀರೆಯನ್ನು ಅಲ್ಲೇ ಬಿಟ್ಟೆ. ಹಿತ್ತಿಲ ಬಾಗಿಲಿನಿಂದ ಪಕ್ಕದ ಮನೆಗೆ ಹೋಗಿ ಕೂತೆ. ಜೋಡಿ ಬೇಡವೆಂದು ಹಟ ಹಿಡಿದವಳು ನಾನು. ಈಗ ಮನೆಯಿಂದ ಹೊರಗೆ ಹಾಕಿಸಿಕೊಂಡವಳ ಹಾಗೆ ದುಃಖ ಉಕ್ಕಿ ಬಂತು. ಅವಳನ್ನು ಒಪ್ಪಿಕೊಂಡು ಹೋದರೆಂದು ಅವ್ವ ಬಂದು ಹೇಳುವ ತನಕ ಅಳುತ್ತಲೇ ಇದ್ದೆ.